ಕರೆದುಕೊಂಡು ಬಂದವಳ ಹೆಸರು

ಹೆಸರಿಗೆ ಎರಡು ಖಾನೆಗಳಿರುವ ಫಾರ್ಮ್ ಕಂಡರೆ ನನಗೆ ಈ ವಯಸ್ಸಿನಲ್ಲೂ ಅಂಗೈ ಬೆವರುತ್ತದೆ. ಮೊದಲನೆಯದನ್ನು ಹೇಗೋ ತುಂಬಬಹುದು. ಎರಡನೆಯದು ಸರ್‌ನೇಮ್, ಅದರ ಎದುರು ಪೆನ್ನು ನಿಂತುಬಿಡುತ್ತದೆ. ನಮ್ಮ ಕಡೆ ಸರ್‌ನೇಮ್ ಎಂಬುದನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಅವೆರಡರ ಹಿಂದೆ ನಾವು, ಅಷ್ಟೇ. ಟಿ. ಎಸ್. ನಾಗರಾಜು ಎಂದರೆ ತಿಪಟೂರು ಸಿದ್ದಪ್ಪನವರ ಮಗ ನಾಗರಾಜು ಎಂದು ಪೋಸ್ಟ್‌ಮ್ಯಾನಿಗೂ ಗೊತ್ತಾಗುತ್ತಿತ್ತು. ಪಾಸ್‌ಪೋರ್ಟ್ ಮಾಡಿಸುವಾಗ ತುಮಕೂರಿನ ಏಜೆಂಟ್, ಖಾನೆ ಖಾಲಿ ಬಿಡಬಾರದು ಸಾರ್ ಎಂದು, ಆ ಎರಡು ಅಕ್ಷರಗಳನ್ನು ಬಿಡಿಸಿ, ತಿಪಟೂರು ಸಿದ್ದಪ್ಪ ಎಂದು ಸರ್‌ನೇಮಿನ ಜಾಗದಲ್ಲಿ ಕೂರಿಸಿದ. ಅದರ ಫಲವಾಗಿ ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ನಮ್ಮ ಡಾಕ್ಟರ ರಿಸೆಪ್ಷನ್ನಿನವರು ಇಪ್ಪತ್ತು ವರ್ಷಗಳಿಂದ ನನ್ನನ್ನು ‘ಮಿಸ್ಟರ್ ತಿಪ್ತೂರ್’ ಎಂದು ಕೂಗುತ್ತಾರೆ. ರೈಲ್ವೆ ಸ್ಟೇಷನ್ನೇ ಎದ್ದು ಬಿ.ಪಿ. ನೋಡಿಸಿಕೊಳ್ಳಲು ಹೊರಟ ಹಾಗೆ ನಾನು ಎದ್ದು ಒಳಗೆ ಹೋಗುತ್ತೇನೆ.

ನನ್ನ ಹೆಂಡತಿ ವಿಮಲಾಳ ಫಾರ್ಮ್ ಇನ್ನೂ ಬೇಗ ಮುಗಿದಿತ್ತು. ಸರ್‌ನೇಮ್ ಏನು ಎಂದು ಏಜೆಂಟ್ ಅವಳನ್ನು ಕೇಳಿದ. ಉತ್ತರ ಕೊಟ್ಟವನು ನಾನು. ನಾಗರಾಜು ಅಂತ ಹಾಕಿ ಎಂದೆ. ಪಕ್ಕದಲ್ಲಿ ಕೂತಿದ್ದ ಅವಳು, “ನನ್ನ ಎಚ್. ಕೆ. ಎಲ್ಲಿಗೆ ಹೋಯ್ತು?” ಎಂದಳು. ಅದಕ್ಕೆ ಜಾಗ ಇಲ್ಲ ಮೇಡಂ ಎಂದ ಅವನು. ಅವಳು ನಕ್ಕಳು. ಆಸ್ಟ್ರೇಲಿಯಾದ ವೀಸಾ ಸಿಕ್ಕಿದ್ದು ಮಾತ್ರ ಅವಳ ಕೆಲಸದಿಂದ. ಅವಳು ನರ್ಸ್, ಈ ದೇಶಕ್ಕೆ ನರ್ಸುಗಳು ಬೇಕಾಗಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಗೋಡೌನ್ ನೋಡಿಕೊಳ್ಳುತ್ತಿದ್ದ ನಾನು ಯಾವ ದೇಶಕ್ಕೂ ಬೇಕಾಗಿರಲಿಲ್ಲ. ಅವಳ ಅರ್ಜಿಯ ಕೊನೆಯಲ್ಲಿ ‘ಅವಲಂಬಿತರು’ ಎಂಬ ಪಟ್ಟಿಯಲ್ಲಿ, ಆರು ವರ್ಷದ ಮಗಳು ಅನುವಿನ ಕೆಳಗೆ ನನ್ನ ಹೆಸರಿತ್ತು. ಸಿಡ್ನಿ ವಿಮಾನ ನಿಲ್ದಾಣದಲ್ಲಿ ಮುಂದೆ ಅವಳು ನಡೆದಳು, ಹಿಂದೆ ಸೂಟ್‌ಕೇಸ್ ತಳ್ಳಿಕೊಂಡು ನಾನು. ಬ್ಲ್ಯಾಕ್‌ಟೌನ್ ಹತ್ತಿರದ ಒಂದು ವೇರ್‌ಹೌಸ್‌ನಲ್ಲಿ ನನಗೆ ಮತ್ತೆ ಗೋಡೌನ್ ಕೆಲಸವೇ ಸಿಕ್ಕಿತು. ಕಳೆದುಹೋದ ಪೆಟ್ಟಿಗೆಗಳನ್ನು ಹುಡುಕಿಕೊಡುವುದರಲ್ಲಿ ನನಗೆ ಅಲ್ಲಿ ಸ್ವಲ್ಪ ಹೆಸರೂ ಬಂತು.

ಕಳೆದ ವರ್ಷ ವಿಮಲಾ ತೀರಿಕೊಂಡಳು. ಅಸ್ಥಿಯನ್ನು ನದಿಯಲ್ಲಿ ಬಿಟ್ಟೆವು. ಚಿತಾಗಾರದ ತೋಟದಲ್ಲಿ ಅವಳ ಹೆಸರಿಗೆ ಒಂದು ಗುಲಾಬಿ ಗಿಡ, ಅದರ ಬುಡದಲ್ಲಿ ಅಂಗೈಯಗಲದ ಒಂದು ಹಿತ್ತಾಳೆ ಫಲಕ ಇಡಿಸುವುದೆಂದು ಅನು ನಿರ್ಧರಿಸಿದಳು. ತೋಟದ ಆಫೀಸಿನ ಹುಡುಗಿ ಫಲಕದ ನಮೂನೆಯನ್ನು ಇಮೇಲಿನಲ್ಲಿ ಕಳಿಸಿದಳು: ವಿಮಲಾ ನಾಗರಾಜು. ಕೆಳಗೆ ಒಂದು ಹಸಿರು ಗುಂಡಿ, ಸರಿಯಿದ್ದರೆ ಒತ್ತಿ. ವರ್ಷದ ಕಾರ್ಯದೊಳಗೆ ಫಲಕ ಕೂರಬೇಕೆಂದರೆ ಬೇಗ ಒತ್ತಿ ಎಂದು ಆಮೇಲೆ ಎರಡು ಸಲ ನೆನಪಿಸಿದಳು. ನಾನು ಅದನ್ನು ತೆರೆಯುತ್ತಿದ್ದೆ, ಓದುತ್ತಿದ್ದೆ, ಮುಚ್ಚುತ್ತಿದ್ದೆ. ತಪ್ಪೇನೂ ಇರಲಿಲ್ಲ. ಡ್ರೈವಿಂಗ್ ಲೈಸೆನ್ಸಿನಲ್ಲಿ ಇದ್ದದ್ದೂ ಅದೇ. ಆದರೂ ಅದು ಯಾರೋ ನಮ್ಮ ದೂರದ ನೆಂಟರ ಹೆಸರಿನಂತೆ ಕಾಣುತ್ತಿತ್ತು. ಒತ್ತಿದರೆ ಅವಳು ಹೋದದ್ದು ಖಾಯಂ ಆಗುತ್ತದೆಂದು ನಾನು ಹಿಂಜರಿಯುತ್ತಿದ್ದೇನೆ ಎಂದು ಅನು ಅಂದುಕೊಂಡಳು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅನು ಇರುವುದು ಮೆಲ್ಬರ್ನ್‌ನಲ್ಲಿ. ಅವಳ ಗಂಡ ಮಾರ್ಕ್. ಅವನ ತಾಯಿ ಜಿಸೆಲ್ ಕೆನಡಾದ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತದಿಂದ ಬಂದವರು, ಶಾಲೆಯೊಂದರಲ್ಲಿ ಲೈಬ್ರೇರಿಯನ್ ಆಗಿದ್ದು ನಿವೃತ್ತರಾದವರು. ಅನು ಬಸುರಿಯಾದ ಮೇಲೆ ಒಂದು ಭಾನುವಾರ ಫೋನ್ ಮಾಡಿ, “ಅಪ್ಪಾ, ನಿಮಗೊಂದು ಪ್ರಾಜೆಕ್ಟ್ ಇದೆ, ನೋ ಅನ್ನೋ ಹಾಗಿಲ್ಲ” ಎಂದಳು. ಹುಟ್ಟುವ ಮಗುವಿಗೆ ಎರಡೂ ಕಡೆಯ ವಂಶವೃಕ್ಷ ಬರೆದಿಡಬೇಕಂತೆ. ನಾನು ಸುಮ್ಮನೆ ಕೂತಿರಬಾರದೆಂದು ಹುಡುಕಿದ ಕೆಲಸ ಇದು ಎಂದು ನನಗೆ ಗೊತ್ತಿತ್ತು. ನಮ್ಮ ಕಡೆಯದನ್ನು ಕಾಫಿ ಆರುವುದರೊಳಗೆ ಬರೆದೆ. ನಾನು, ಅಪ್ಪ, ತಾತ. ತಾತನ ಅಪ್ಪನ ಹೆಸರು ಹೇಳಬಲ್ಲವರು ಯಾರೂ ಉಳಿದಿಲ್ಲ. ವಿಮಲಾಳ ಕಡೆ ಅವಳು, ಅವಳಪ್ಪ ಕೆಂಪಯ್ಯ, ಅಷ್ಟೇ. ಕುಂಡದಲ್ಲಿ ಇಡಬಹುದಾದ ವೃಕ್ಷ. ಜಿಸೆಲ್ ಅವರ ನೋಟ್‌ಬುಕ್ಕಿನಲ್ಲಿ ಹನ್ನೊಂದು ತಲೆಮಾರುಗಳಿದ್ದವು, ನಡುವೆ ಅಲ್ಲಲ್ಲಿ ಕೊಂಬೆ ಮುರಿದಿದ್ದವು. ಕಳೆದ ಪೆಟ್ಟಿಗೆ ಹುಡುಕುವವರು ಕಳೆದ ಮನುಷ್ಯರನ್ನೂ ಹುಡುಕಬಹುದಲ್ಲವೇ ಎಂದು ಅವರು ಕೇಳಿ ಕಳಿಸಿದ್ದರು.

ಈ ಬೀಗಿತ್ತಿಯ ಮಾತಿಗೆ ಇಲ್ಲವೆನ್ನಲು ನನಗೆ ಬಾಯಿರಲಿಲ್ಲ. ಅದಕ್ಕೆ ಹಳೆಯ ಕಾರಣವೊಂದಿದೆ. ಮದುವೆ ಮಾತುಕತೆಗೆ ಮೊದಲ ಸಲ ಅವರ ಮನೆಗೆ ಹೋದಾಗ ಗೇಟಿನ ಅಂಚೆ ಪೆಟ್ಟಿಗೆಯ ಮೇಲೆ ಎರಡು ಬೇರೆ ಬೇರೆ ಹೆಸರುಗಳಿದ್ದವು. ಒಂದು ಮಾರ್ಕನದು, ಅಂದರೆ ಅವನಪ್ಪನದು. ಇನ್ನೊಂದು ಜಿಸೆಲ್ ಪೆರೋ ಎಂದು. ನನಗೆ ಕೂಡಲೇ ಅರ್ಥವಾಯಿತು: ಡೈವೋರ್ಸ್. ಪಾಪ, ಒಂಟಿ ಹೆಂಗಸು ಮಗನನ್ನು ಬೆಳೆಸಿದ್ದಾರೆ ಎಂದು ಮನಸ್ಸು ಕರಗಿತು. ಒಳಗೆ ಏಪ್ರನ್ ಕಟ್ಟಿಕೊಂಡು ಒಬ್ಬರು ಈರುಳ್ಳಿ ಹೆಚ್ಚುತ್ತಿದ್ದರು. ಅಡುಗೆಗೆ ಜನ ಇಟ್ಟುಕೊಂಡಿದ್ದಾರೆ, ಅನುಕೂಲಸ್ಥರು ಎಂದುಕೊಂಡೆ. ಊಟದ ನಡುವೆ ನನಗೆ ಬರುವ ಇಂಗ್ಲಿಷಿನಲ್ಲಿ ಜಿಸೆಲ್ ಅವರಿಗೆ, ಯಜಮಾನರು ಬಿಟ್ಟುಹೋದರೂ ಧೈರ್ಯಗೆಡದೆ ಬದುಕಿದ್ದೀರಿ, ನಿಮಗೆ ನಮಸ್ಕಾರ ಎಂದೆ. ಈರುಳ್ಳಿ ಹೆಚ್ಚಿದವರು ಕೈಯಲ್ಲಿ ಸ್ಯಾಲಡ್ ಹಿಡಿದು ನನ್ನನ್ನೇ ನೋಡಿದರು. ಅವರೇ ಯಜಮಾನರು. ಜಿಸೆಲ್ ಅವರ ಊರಿನಲ್ಲಿ ಮದುವೆಯಾದ ಮಾತ್ರಕ್ಕೆ ಹೆಂಗಸು ಗಂಡನ ಹೆಸರು ಹಾಕಿಕೊಳ್ಳುವುದಿಲ್ಲವಂತೆ. ಈಗ ಅಲ್ಲಿ ಕಾನೂನೇ ಹಾಗಿದೆಯಂತೆ. ನಲವತ್ತು ವರ್ಷಗಳಿಂದ ಒಂದೇ ಮನೆ, ಎರಡು ಹೆಸರು. ಇದೆಲ್ಲ ವಿಮಲಾಳಿಗೆ ಮೊದಲೇ ಗೊತ್ತಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ವಿಮಾನದಲ್ಲಿ ಕೇಳಿದರೆ, ನೀವು ಕೇಳಲಿಲ್ಲವಲ್ಲ ಎಂದಳು. ಅವಳ ಈ ಮಾತು ನಮ್ಮ ಮನೆಯಲ್ಲಿ ವಾರಕ್ಕೆರಡು ಸಲವಾದರೂ ಬರುತ್ತಿತ್ತು.

ಅಂತೂ ಕೆಲಸಕ್ಕೆ ಕೂತೆ. ಕ್ವಿಬೆಕ್‌ನ ಪಾದ್ರಿಗಳು ಭಾರಿ ಶಿಸ್ತಿನವರು. ಹುಟ್ಟು, ಮದುವೆ, ಸಾವು ಮೂರನ್ನೂ ನೂರಾರು ವರ್ಷ ಬಿಡದೆ ಬರೆದಿಟ್ಟಿದ್ದಾರೆ. ಆ ಪುಟಗಳ ಚಿತ್ರಗಳು ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ನನಗೆ ಫ್ರೆಂಚ್ ಬಾರದು. ಹುಟ್ಟಿದ, ಸತ್ತ, ಮಗಳು, ವಿಧವೆ ಎಂದು ಒಂದು ಹದಿನೈದು ಪದಗಳನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಕೊಂಡೆ, ವಿಮಲಾ ಬರೆದು ಅಂಟಿಸಿದ್ದ ಗಿಡಗಳಿಗೆ ನೀರು ಹಾಕುವ ದಿನಗಳ ಪಟ್ಟಿಯ ಪಕ್ಕದಲ್ಲೇ. ಒಂದು ಸಂಸಾರ ಬದುಕಿ ಮುಗಿಯಲು ಹದಿನೈದು ಪದ ಸಾಕಾಗುತ್ತದೆ ಎಂಬುದು ಆಗ ತಿಳಿಯಿತು.

ಮೊದಲ ಪುಟದಲ್ಲೇ ಮುಗ್ಗರಿಸಿದೆ. ಒಂದೇ ಮನೆಯಲ್ಲಿ ಏಳು ಗಂಡುಮಕ್ಕಳು, ಏಳು ಜನರೂ ಜೋಸೆಫ್. ಐದು ಹೆಣ್ಣುಮಕ್ಕಳು, ಐವರೂ ಮಾರಿ. ವೇರ್‌ಹೌಸ್‌ನಲ್ಲಿ ಹೀಗೆ ಹನ್ನೆರಡು ಪೆಟ್ಟಿಗೆಗೆ ಎರಡೇ ಲೇಬಲ್ ಅಂಟಿಸಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಜಿಸೆಲ್ ಫೋನಿನಲ್ಲಿ ವಿವರಿಸಿದರು: ಗಂಡಾದರೆ ಜೋಸೆಫ್, ಹೆಣ್ಣಾದರೆ ಮಾರಿ, ಅದು ದೇವರ ಪಾಲು. ಅದರ ಹಿಂದೆ ಹೆಚ್ಚಾಗಿ, ಚರ್ಚಿನಲ್ಲಿ ನಾಮಕರಣದ ದಿನ ಮಗುವನ್ನು ಹಿಡಿದು ನಿಲ್ಲುವ ಧರ್ಮಪಿತನದೋ ಧರ್ಮಮಾತೆಯದೋ ಹೆಸರು. ಎಲ್ಲಕ್ಕಿಂತ ಕೊನೆಗೆ ಬರುವುದು ಕೂಗುವ ಹೆಸರು. ಬಾಗಿಲಲ್ಲಿ ನಿಂತು ತಾಯಿ ಜೋಸೆಫ್ ಎಂದು ಕೂಗಿದರೆ ಇಡೀ ಊರಿನ ಗಂಡಸರು ಊಟಕ್ಕೆ ಬರುತ್ತಾರೆ ಎಂದು ಅವರೇ ನಕ್ಕರು. ಮುಂದಿನ ವಾರ ಇನ್ನೊಂದು ತಪ್ಪು ಮಾಡಿದೆ. ಎರಡು ವರ್ಷಕ್ಕೇ ತೀರಿಕೊಂಡಿದ್ದ ಆಂಜೆಲಿಕ್ ಎಂಬ ಮಗುವಿಗೆ, ಇಪ್ಪತ್ತನೇ ವಯಸ್ಸಿನಲ್ಲಿ ಮದುವೆ ಮಾಡಿಸಿ ಒಂಬತ್ತು ಮಕ್ಕಳನ್ನು ಕೊಟ್ಟಿದ್ದೆ. ತೀರಿಕೊಂಡ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುವುದು ಅಲ್ಲಿ ಸಾಮಾನ್ಯವಾಗಿತ್ತಂತೆ. ಹೆಸರು ವ್ಯರ್ಥವಾಗಬಾರದು ಎಂದಿರಬೇಕು. ನಾನು ತಿದ್ದಿ, ಮೊದಲನೆಯ ಆಂಜೆಲಿಕ್‌ಳನ್ನು ಪುಟ್ಟ ಅಕ್ಷರದಲ್ಲಿ ಬೇರೆ ಬರೆದೆ. ಅವಳ ಒಂಬತ್ತು ಮಕ್ಕಳನ್ನು ಕಿತ್ತುಕೊಂಡದ್ದಕ್ಕೆ ಆ ದಿನವೆಲ್ಲ ಮನಸ್ಸು ಸರಿಯಿರಲಿಲ್ಲ.

ಆಮೇಲೆ ಒಬ್ಬ ಸೋದರ ಮಾಯವಾದ. ಪೆರೋ ಮನೆತನದ ನಾಲ್ವರು ಅಣ್ಣತಮ್ಮಂದಿರಲ್ಲಿ ಮೂವರಿಗೆ ಮದುವೆಯಾಗಿದೆ, ನಾಲ್ಕನೆಯವನು ಎಲ್ಲೂ ಇಲ್ಲ. ನನ್ನ ವೇರ್‌ಹೌಸಿನ ಗೆಳೆಯ, ಗದಗಿನ ಬಸವರಾಜ ಉಳ್ಳಾಗಡ್ಡಿ, ಚಹಾ ಕುಡಿಯಲು ಬಂದವನು ನನ್ನ ಪೇಚಾಟ ನೋಡಿದ. “ನಿಮ್ಮ ಮೈಸೂರು ಕಡಿ ಮಂದಿಗೆ ಹೆಸರಾ ಇಲ್ಲ, ಬರೇ ಎಬಿಸಿಡಿ. ನೀವು ಮತ್ತೊಬ್ಬರ ಅಡ್ಡಹೆಸರು ಹುಡುಕಾಕ ಕುಂತೀರಿ” ಎಂದ. ಅವರ ಮುತ್ತಜ್ಜ ಈರುಳ್ಳಿ ಬೆಳೆದು ಮನೆತನಕ್ಕೆ ಉಳ್ಳಾಗಡ್ಡಿ ಎಂದಾಯಿತಂತೆ. ಮುತ್ತಜ್ಜನ ತಮ್ಮ ಬೆಲ್ಲದ ವ್ಯಾಪಾರಕ್ಕಿಳಿದು ಬೆಲ್ಲದ ಆದನಂತೆ. ಒಂದೇ ರಕ್ತ, ಒಬ್ಬರು ಖಾರ, ಒಬ್ಬರು ಸಿಹಿ. ಈ ಮಾತು ನನಗೆ ದಾರಿ ತೋರಿಸಿತು. ಕ್ವಿಬೆಕ್‌ನಲ್ಲೂ ಹಾಗೆಯೇ ನಡೆದಿತ್ತು. ಫ್ರಾನ್ಸಿನಿಂದ ಮೊದಲು ಬಂದ ಪೆರೋ ಒಬ್ಬ ಸಿಪಾಯಿ. ಸೈನ್ಯದಲ್ಲಿ ಅವನಿಗೆ ಸಾಂಸೂಸಿ, ಅಂದರೆ ಚಿಂತೆಯಿಲ್ಲದವನು, ಎಂಬ ಅಡ್ಡಹೆಸರಿತ್ತು. ದಾಖಲೆಯಲ್ಲಿ ಅವನು ‘ಪೆರೋ ಉರುಫ್ ಸಾಂಸೂಸಿ’. ಮಕ್ಕಳಲ್ಲಿ ಮೂವರು ಪೆರೋ ಉಳಿಸಿಕೊಂಡರು, ನಾಲ್ಕನೆಯವನು ಚಿಂತೆ ಬೇಡವೆಂದು ಸಾಂಸೂಸಿ ಆಗಿ ನದಿಯ ಆಚೆ ಸಂಸಾರ ಹೂಡಿದ್ದ. ಅವನನ್ನು ಪತ್ತೆ ಮಾಡಿದ ದಿನ ಉಳ್ಳಾಗಡ್ಡಿಗೂ ನನಗೂ, ನಮ್ಮ ಮನೆಯ ಹುಡುಗನೇ ಸಿಕ್ಕಿದಷ್ಟು ಸಂತೋಷವಾಯಿತು.

ಆದರೆ ಜಿಸೆಲ್ ಅವರಿಗೆ ನಿಜವಾಗಿ ಬೇಕಾಗಿದ್ದುದು ಒಬ್ಬ ಅಜ್ಜಿ. ಅವರ ತಾತನ ಅಜ್ಜಿ. ಹನ್ನೊಂದು ಮಕ್ಕಳನ್ನು ಹೆತ್ತವಳು. ಮಕ್ಕಳ ಪುಟಗಳಲ್ಲೆಲ್ಲ ತಾಯಿ ಮಾರಿ ಲೂಯಿಸ್ ಎಂದು ಇದ್ದಾಳೆ, ಸತ್ತದ್ದು ಎಲ್ಲಿ ಯಾವಾಗ ಎಂಬುದು ಮಾತ್ರ ಇಲ್ಲ. ನಾನು ಮೂರು ವಾರ ಹುಡುಕಿದೆ. ಪೆರೋ ಎಂಬ ಹೆಸರಿನಡಿ ಮಣ್ಣಾದವರನ್ನೆಲ್ಲ ನೋಡಿದೆ, ಸಾಂಸೂಸಿಗಳನ್ನೂ ನೋಡಿದೆ. ನೆರೆಯ ನಾಲ್ಕು ಊರುಗಳ ಪುಟಗಳನ್ನು ತಿರುವಿದೆ. ಬಾವಿಗೆ ಬಿದ್ದಿರಬೇಕು, ಅಥವಾ ಹನ್ನೊಂದು ಮಕ್ಕಳನ್ನು ಕಂಡು ಬೇಸತ್ತು ಎಲ್ಲಿಗೋ ಹೊರಟುಹೋಗಿರಬೇಕು ಎಂದು ತೀರ್ಮಾನಿಸಿದೆ. ವೇರ್‌ಹೌಸ್‌ನಲ್ಲಿ ಕಳೆದದ್ದೆಂದು ಬರೆದು ಕಡತ ಮುಚ್ಚುತ್ತಿದ್ದೆವಲ್ಲ, ಹಾಗೆ.

ಅನುವಿಗೆ ಏಳನೇ ತಿಂಗಳಾದಾಗ ಚಕ್ಕುಲಿ, ಕೋಡುಬಳೆ ಕಟ್ಟಿಕೊಂಡು ಮೆಲ್ಬರ್ನ್‌ಗೆ ಹೋದೆ. ಜಿಸೆಲ್ ಅವರ ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ ಬಿಡಿಸಿ, ನಿಮ್ಮ ಅಜ್ಜಿ ಸಿಗಲಿಲ್ಲ, ಕ್ಷಮಿಸಿ ಎಂದೆ. ಎಲ್ಲೆಲ್ಲಿ ಹುಡುಕಿದಿರಿ ಎಂದು ಕೇಳಿದರು. ಪೆರೋಗಳಲ್ಲೆಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಕನ್ನಡದಲ್ಲೇ.

“ನಾಗರಾಜೂ, ಹೆಂಗಸರನ್ನ ಗಂಡಂದಿರ ಹೆಸರಲ್ಲಿ ಹುಡುಕ್ತಾ ಇದ್ದೀರಾ? ಹಾಗೆ ಹುಡುಕಿದ್ರೆ ಒಬ್ಬಳೂ ಸಿಗಲ್ಲ.”

ಅಲ್ಲಿ ಹೆಂಗಸು ಸಾಯುವವರೆಗೂ ಹುಟ್ಟಿದ ಮನೆಯ ಹೆಸರಿನವಳು. ಮಣ್ಣು ಮಾಡುವಾಗಲೂ ಪಾದ್ರಿ ಅವಳ ಹೆಸರನ್ನೇ ಮೊದಲು ಬರೆದು, ಇಂಥವನ ಹೆಂಡತಿ ಎಂದು ಪಕ್ಕದಲ್ಲಿ ಸೇರಿಸುತ್ತಾನೆ. ಇದೇ ಮನೆಯಲ್ಲಿ ನಾನು ಮೊದಲೊಮ್ಮೆ ಮಾಡಿದ್ದ ತಪ್ಪು ಇದು. ಇದೇ ಪಾಠವನ್ನು ಇದೇ ಮೇಜಿನಲ್ಲಿ ಒಮ್ಮೆ ಕಲಿತಿದ್ದೆ. ಆದರೂ ಮೂರು ವಾರ ಆ ಅಜ್ಜಿಯನ್ನು ಅವಳ ಗಂಡನ ಹಿಂದೆ ಹುಡುಕಿದ್ದೆ. ಜಿಸೆಲ್ ಕಂಪ್ಯೂಟರ್ ತೆರೆದು, ಅವಳ ಮದುವೆಯ ಪುಟದಲ್ಲಿದ್ದ ತಂದೆಯ ಮನೆತನದ ಹೆಸರನ್ನು ಟೈಪ್ ಮಾಡಿದರು. ಐದೇ ನಿಮಿಷ. ಅಜ್ಜಿ ಎಲ್ಲಿಗೂ ಹೋಗಿರಲಿಲ್ಲ. ನಾನು ನೋಡಿದ್ದ ಪುಟದಲ್ಲೇ, ನಾನು ದಾಟಿಹೋಗಿದ್ದ ಸಾಲಿನಲ್ಲೇ ಇದ್ದಳು. ಜಿಸೆಲ್ ಆ ಸಾಲಿನ ಮೇಲೆ ಬೆರಳಿಟ್ಟು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ನನಗೆ ಆಗ ಆ ಹಸಿರು ಗುಂಡಿ ನೆನಪಾಗುತ್ತಿತ್ತು.

ಸಿಡ್ನಿಗೆ ಬಂದವನೇ ತೋಟದ ಆಫೀಸಿಗೆ ಬರೆದೆ: ಫಲಕದ ಮೇಲೆ ಎಚ್. ಕೆ. ವಿಮಲಾ ಎಂದಿರಲಿ. ಆ ಹುಡುಗಿ ವಿನಯದಿಂದ ಉತ್ತರಿಸಿದಳು. ಬದಲಾಯಿಸಬಹುದು, ಆದರೆ ಇಲ್ಲಿ ಬರೀ ಅಕ್ಷರಗಳನ್ನು ಹಾಕುವ ಪದ್ಧತಿ ಇಲ್ಲ, ಅವುಗಳ ಪೂರ್ತಿ ರೂಪ ತಿಳಿಸಿ. ಇದೇನು ಮಹಾ ಎಂದು ಬರೆಯಲು ಕೂತೆ. ಕೆ ಎಂದರೆ ಕೆಂಪಯ್ಯ, ಮಾವನವರು. ಎಚ್ ಎಂದರೆ ಹಾಸನ. ಅವಳು ನರ್ಸಿಂಗ್ ಓದಿದ್ದು ಹಾಸನದಲ್ಲಿ. ಹಾಸನ ಎಂದು ಬರೆದೂ ಆಯಿತು. ಕಳಿಸುವ ಮೊದಲು ಅನುಮಾನ ಬಂತು: ಇನಿಷಿಯಲ್ ಹಾಕುವುದು ಒಂದನೇ ಕ್ಲಾಸಿಗೆ ಸೇರಿಸುವಾಗ, ಒಂದನೇ ಕ್ಲಾಸಿನ ಮಗುವಿಗೆ ಹಾಸನ ಎಲ್ಲಿಂದ ಬಂತು? ಅವರದು ತುಮಕೂರಿನ ಪಕ್ಕದ ಹಳ್ಳಿ, ಅದರ ಹೆಸರು ಎಚ್‌ನಿಂದ ಶುರುವಾಗುವುದೂ ಇಲ್ಲ. ಹನ್ನೊಂದು ತಲೆಮಾರಿನ ಪೆರೋಗಳ ಹೆಸರಿಟ್ಟವರು ಯಾರು, ಅಡ್ಡಹೆಸರು ಯಾಕೆ ಬಂತು ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಮೂವತ್ತೊಂದು ವರ್ಷ ಜೊತೆಗಿದ್ದವಳ ಮೊದಲನೆಯ ಅಕ್ಷರ ನನಗೆ ಗೊತ್ತಿರಲಿಲ್ಲ.

ತುಮಕೂರಿನಲ್ಲಿರುವ ವಿಮಲಾಳ ಅಕ್ಕ ಸುಶೀಲಕ್ಕನಿಗೆ ಫೋನ್ ಮಾಡಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. ಮೊದಲು ಅನುವಿನ ಆರೋಗ್ಯ, ನನ್ನ ಊಟ, ಇಲ್ಲಿನ ಚಳಿ ಎಲ್ಲ ಕೇಳಿದರು. ಆಮೇಲೆ ನಾನು, ಅಕ್ಕ, ವಿಮಲಾನ ಎಚ್ ಅಂದ್ರೆ ಹಾಸನ ತಾನೆ ಎಂದೆ.

“ಹಾಸನವಾ? ಹಾಸನಕ್ಕೂ ನಮಗೂ ಏನ್ ಸಂಬಂಧ ನಾಗರಾಜು? ಅದು ಹೊನ್ನಮ್ಮ. ನಮ್ಮಮ್ಮನ ಅಮ್ಮ.”

ಅವರೇ ಮುಂದುವರಿಸಿದರು. ಅವರಪ್ಪನಿಗೆ ಹೆಣ್ಣುಮಕ್ಕಳನ್ನು ಓದಿಸುವ ಮನಸ್ಸಿರಲಿಲ್ಲ. ಸುಶೀಲಕ್ಕನನ್ನು ಶಾಲೆಗೆ ಕಳಿಸಲೇ ಇಲ್ಲ. ವಿಮಲಾಳ ಸರದಿ ಬಂದಾಗ ಅಜ್ಜಿ ಅವಳನ್ನು ತನ್ನ ಊರಿಗೆ ಎತ್ತಿಕೊಂಡು ಹೋಗಿ ಅಲ್ಲಿನ ಶಾಲೆಗೆ ಸೇರಿಸಿದರು. ಮೇಷ್ಟ್ರು ಮಗುವಿನ ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಆಮೇಲೆ ಊರು ಯಾವುದೆಂದು ಕೇಳಿದರು.

“ನಮ್ಮಜ್ಜಿ ಏನಂದ್ಲು ಗೊತ್ತಾ? ಊರು ಕಟ್ಕೊಂಡು ಏನ್ ಮಾಡ್ತೀಯ, ಇವಳ್ನ ಕರ್ಕೊಂಡು ಬಂದೋಳು ನಾನು, ನನ್ನ ಹೆಸರು ಬರ್ಕೊ ಅಂದ್ಲು. ಮೇಷ್ಟ್ರು ಬರ್ಕೊಂಡ್ರು.” ಆಮೇಲೆ, “ಯಾಕೆ, ವಿಮಲಾ ನಿಮಗೆ ಹೇಳಿರಲಿಲ್ವಾ?” ಎಂದರು.

ನಾನು ಕೇಳಿರಲಿಲ್ಲ ಎಂದೆ.

ಫೋನ್ ಇಟ್ಟ ಮೇಲೆ ಫ್ರಿಜ್ಜಿನ ಮೇಲಿದ್ದ ಅವಳ ಪಟ್ಟಿಯನ್ನು ನೋಡಿದೆ. ಆ ದಿನ ಗಿಡಗಳಿಗೆ ನೀರು ಹಾಕಬೇಕಾಗಿತ್ತು, ಹಾಕಿ ಬಂದೆ. ತುಮಕೂರಿನ ಏಜೆಂಟ್ ಜಾಗ ಇಲ್ಲ ಮೇಡಂ ಎಂದಾಗ ಅವಳು ನಕ್ಕದ್ದು ಯಾಕೆಂದು ಇಪ್ಪತ್ತು ವರ್ಷಗಳ ನಂತರ ಅರ್ಥವಾದ ಹಾಗಾಯಿತು. ಅಥವಾ ಇನ್ನೂ ಪೂರ್ತಿ ಆಗಿಲ್ಲ. ನಗುವಂಥದ್ದು ಏನಿತ್ತು ಎಂದು ಅವಳನ್ನು ಕೇಳಬಹುದಾಗಿತ್ತು. ಹೊನ್ನಮ್ಮ ಕೆಂಪಯ್ಯ ವಿಮಲಾ ಎಂದು ತೋಟದ ಹುಡುಗಿಗೆ ಬರೆದು ಕಳಿಸಿದೆ. ಹೊಸ ನಮೂನೆ ಮರುದಿನವೇ ಬಂತು. ಅದನ್ನು ಒಂದೇ ಸಲ ಓದಿದೆ. ಅದು ನಮ್ಮ ಮನೆಯ ವಿಮಲಾಳೇ. ಹಸಿರು ಗುಂಡಿಯನ್ನು ಒತ್ತಿದೆ.

ಒತ್ತಿದೊಡನೆ ಇನ್ನೊಂದು ಪುಟ ತೆರೆದುಕೊಂಡಿತು. ಒಪ್ಪಿಗೆ ಕೊಡುವವರ ವಿವರ: ಎರಡು ಖಾನೆಗಳು. ಅಂಗೈ ಎಂದಿನಂತೆ ಬೆವರಿತು. ತಿಪಟೂರು ಸಿದ್ದಪ್ಪ ಎಂದು ಟೈಪ್ ಮಾಡಲು ಹೋದವನು ನಿಂತೆ. ಹೊನ್ನಮ್ಮಜ್ಜಿಯ ನಿಯಮ ಸರಳವಾಗಿದೆ: ಯಾರು ಕರೆದುಕೊಂಡು ಬಂದರೋ ಅವರ ಹೆಸರು. ಆ ಲೆಕ್ಕದಲ್ಲಿ ಈ ದೇಶದಲ್ಲಿ ನನ್ನ ಇನಿಷಿಯಲ್ ಯಾವುದೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಮೊದಲನೆಯ ಖಾನೆಯಲ್ಲಿ ವಿ ಎಂದು ಬರೆದೆ, ಎರಡನೆಯದರಲ್ಲಿ ನಾಗರಾಜು.

ವರ್ಷದ ಕಾರ್ಯದ ಹೊತ್ತಿಗೆ ಫಲಕ ಬಂತು, ಅದರ ಹಿಂದೆಯೇ ಮೊಮ್ಮಗಳೂ ಬಂದಳು. ಅವಳಿಗೆ ಏನು ಹೆಸರು, ಯಾರ ಹೆಸರು ಎಂದು ಅನುವೂ ಮಾರ್ಕನೂ ಇನ್ನೂ ಮಾತಾಡುತ್ತಿದ್ದಾರೆ. ಜಿಸೆಲ್ ಅವರೂ ನಾನೂ ಬಾಯಿ ಹಾಕಬಾರದೆಂದು ಒಪ್ಪಂದ ಮಾಡಿಕೊಂಡಿದ್ದೇವೆ. ತೋಟದ ಆಫೀಸಿನಿಂದ ಗುಲಾಬಿ ಗಿಡವನ್ನು ಸವರುವ ದಿನ ತಿಳಿಸಿ ಈಗ ತಿಂಗಳಿಗೊಂದು ಪತ್ರ ಬರುತ್ತದೆ. ಆ ಹುಡುಗಿ ಪ್ರತಿ ಸಲ ‘ಪ್ರಿಯ ವಿ’ ಎಂದೇ ಶುರು ಮಾಡುತ್ತಾಳೆ. ಪತ್ರ ಬಂದದ್ದು ವಿಮಲಾಳಿಗೋ ಎಂದು ಒಂದು ಕ್ಷಣ ಅನಿಸುತ್ತದೆ. ಆಮೇಲೆ, ಅದು ಅವಳ ಅವಲಂಬಿತನಿಗೆ ಬಂದದ್ದು ಎಂದು ನೆನಪಾಗಿ, ನಾನೇ ತೆರೆದು ಓದುತ್ತೇನೆ.